ಹುಳ ತಿನ್ನುವ ಹುಳ ಎಲ್ಲಿ ಹೋಯಿತು?

ಮೆಣಸಿನಕಾಯಿ ಹೂವಿನ ನುಸಿಯಿಂದ ಸಿರುಗುಪ್ಪದ ಎರೆಭೂತದವರೆಗೆ: ಹಗರಿ ದಡದಲ್ಲಿ ಹರಿದುಹೋದ ಆಹಾರ ಸರಪಳಿ

2021ರ ನವೆಂಬರ್‌ನಲ್ಲಿ ರಾಜ್ಯದ ಬಹುಭಾಗದಲ್ಲಿ ಅಕಾಲದ ಮಳೆ ಹಿಡಿದುಕೊಂಡು ಸುರಿಯಿತು. ಮಳೆ ಬಿಟ್ಟು ಮೆಣಸಿನ ಗಿಡ ಚೇತರಿಸಿಕೊಳ್ಳುವ ಹೊತ್ತಿಗೆ ಬಳ್ಳಾರಿ ಸೀಮೆಯ ಬೆಳೆಗಾರರಿಗೆ ಬೇರೆಯದೇ ಕಾಟ ಶುರುವಾಯಿತು. ಗಿಡದ ತುಂಬ ಹೂವಿದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ಬಿಳಿ ಹೂವೊಂದನ್ನು ಕಿತ್ತು ಅಂಗೈ ಮೇಲೆ ಕೊಡವಿದರೆ ಒಂದು ಮಿಲಿಮೀಟರ್ ಉದ್ದದ ಕಪ್ಪು ಗೆರೆಗಳು ಉದುರುತ್ತಿದ್ದವು. ಕಣ್ಣು ಕಿರಿದು ಮಾಡಿ ನೋಡಿದರೆ ಆ ಗೆರೆಗಳು ಹರಿದಾಡುತ್ತಿದ್ದವು. ದಳಗಳ ಒಳಮೈ ಕೆರೆದು ರಸ ಹೀರಿ, ಹೂವನ್ನು ಒಣಗಿಸಿ ಉದುರಿಸುವ ಕಪ್ಪು ನುಸಿ ಅದು. ರೈತರ ಬಾಯಲ್ಲಿ ಅದು ‘ಬ್ಲ್ಯಾಕ್ ಥ್ರಿಪ್ಸ್’. ವಿಜ್ಞಾನಿಗಳು ಇಟ್ಟ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಆಗ್ನೇಯ ಏಷ್ಯಾದ ಈ ಕೀಟ ಭಾರತದಲ್ಲಿ ಮೊದಲು ದಾಖಲಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯ ಗಿಡದ ಮೇಲೆ. ಆರು ವರ್ಷಗಳಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಸೀಮೆಯನ್ನೆಲ್ಲ ಆವರಿಸಿತು.

ಆ ಹಂಗಾಮಿನಲ್ಲಿ ಗೊಬ್ಬರದ ಅಂಗಡಿಗಳ ಮುಂದೆ ನೂಕುನುಗ್ಗಲು. ಒಂದು ಎಣ್ಣೆ ಹೊಡೆದರೆ ಹುಳ ಸಾಯಲಿಲ್ಲ ಎಂದು ಎರಡನೆಯದು, ಅದೂ ಆಗಲಿಲ್ಲ ಎಂದು ಎರಡು ಬೆರೆಸಿ ಮೂರನೆಯದು. ಈ ಕಡೆ ಕೀಟನಾಶಕಕ್ಕೆ ‘ಎಣ್ಣೆ’ ಎನ್ನುವುದೇ ರೂಢಿ. ಎಣ್ಣೆಯ ಖರ್ಚು ಏರಿದಂತೆಲ್ಲ ಹೂವಿನೊಳಗಿನ ನುಸಿಯೂ ಏರಿತು. ಮನಬಂದಂತೆ ಸಿಂಪಡಿಸಿದ್ದರಿಂದಲೇ ಹಾವಳಿ ಹೆಚ್ಚಿತು ಎಂದು ಕೃಷಿ ವಿಜ್ಞಾನಿಗಳು ಆಮೇಲೆ ಹೇಳಿದರು. ವಿಷ ಹಾಕಿದರೆ ಹುಳ ಕಡಿಮೆಯಾಗಬೇಕಲ್ಲ, ಹೆಚ್ಚುವುದು ಹೇಗೆ? ಬಳ್ಳಾರಿಯ ಹೊಲ, ಹೊಳೆ, ಹಕ್ಕಿಗಳಿಗೆ ಆಗಿರುವುದರ ಉತ್ತರ ಈ ಒಂದು ಪ್ರಶ್ನೆಯ ಒಳಗೇ ಇದೆ.

ಒಬ್ಬ ಗಣಿತಜ್ಞನ ಲೆಕ್ಕ

ಇಟಲಿಯ ಏಡ್ರಿಯಾಟಿಕ್ ಸಮುದ್ರದ ಮೀನು ಮಾರುಕಟ್ಟೆಯ ಲೆಕ್ಕಪತ್ರಗಳನ್ನು ನೂರು ವರ್ಷಗಳ ಹಿಂದೆ ಉಂಬೆರ್ಟೊ ದಾಂಕೋನ ಎಂಬ ಜೀವವಿಜ್ಞಾನಿ ಕೆದಕುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಮೀನುಗಾರಿಕೆ ಬಹುತೇಕ ನಿಂತಿತ್ತು. ಆಗ ಬಲೆಗೆ ಬಿದ್ದ ಮೀನುಗಳಲ್ಲಿ ಬೇರೆ ಮೀನನ್ನು ತಿಂದು ಬದುಕುವ ಬೇಟೆಗಾರ ಮೀನುಗಳ ಪಾಲು ಹೆಚ್ಚಿತ್ತು. ಯುದ್ಧ ಮುಗಿದು ಬಲೆಗಳು ಮತ್ತೆ ನೀರಿಗಿಳಿದ ಮೇಲೆ ಆ ಪಾಲು ಇಳಿಯಿತು. ಇದೇಕೆ ಹೀಗೆ ಎಂದು ಅವರು ಗಣಿತಜ್ಞ ವಿಟೊ ವೊಲ್ಟೆರಾ ಅವರನ್ನು ಕೇಳಿದರು. 1926ರಲ್ಲಿ ವೊಲ್ಟೆರಾ ಸಮೀಕರಣ ಬರೆದು ತೋರಿಸಿದ್ದು ಇಷ್ಟು: ತಿನ್ನುವ ಜೀವಿಯನ್ನೂ ತಿನ್ನಿಸಿಕೊಳ್ಳುವ ಜೀವಿಯನ್ನೂ ಒಂದೇ ಸಮನೆ ಕೊಲ್ಲುತ್ತ ಹೋದರೆ, ಕೊನೆಗೆ ಕಡಿಮೆಯಾಗುವುದು ತಿನ್ನುವ ಜೀವಿ, ತಿನ್ನಿಸಿಕೊಳ್ಳುವುದು ಹೆಚ್ಚುತ್ತದೆ.

ಕಾರಣ ಸರಳ. ಒಂದು ಜೀವಿ ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಅದನ್ನು ತಿನ್ನುವ ಮುಂದಿನ ಜೀವಿಗೆ ದಕ್ಕುತ್ತದೆ. ಸೊಪ್ಪು ತಿನ್ನುವ ಹುಳ ಸಾವಿರವಿದ್ದರೆ ಅದನ್ನು ತಿನ್ನುವ ಜೇಡ ನೂರು, ಜೇಡ ತಿನ್ನುವ ಹಕ್ಕಿ ಹತ್ತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಮೇಲಿನ ಮೆಟ್ಟಿಲಿನವರ ಸಂಖ್ಯೆ ಕಡಿಮೆ, ಸಂತಾನ ನಿಧಾನ. ವಿಷ ಬಿದ್ದಾಗ ಇಬ್ಬರೂ ಸಾಯುತ್ತಾರೆ. ಆದರೆ ನುಸಿ ಎರಡು ಮೂರು ವಾರದಲ್ಲಿ ಹೊಸ ತಲೆಮಾರು ಹುಟ್ಟಿಸಿಕೊಂಡು ಬರುತ್ತದೆ. ಅದನ್ನು ತಿನ್ನುವ ತಿಗಣೆ, ಗುಲಗಂಜಿ ಹುಳು, ಜೇಡಗಳಿಗೆ ಆ ವೇಗವಿಲ್ಲ. ಹಿಂತಿರುಗಿ ಬಂದರೂ ತಿನ್ನಲು ಏನಾದರೂ ಇದ್ದರೆ ತಾನೇ ಉಳಿಯುವುದು? ಮಧ್ಯೆ ಸಿಕ್ಕ ಆ ಅವಧಿಯಲ್ಲಿ ನುಸಿಗೆ ಹೇಳುವವರಿಲ್ಲ ಕೇಳುವವರಿಲ್ಲ.

ಅದೇ ಏಣಿಯಲ್ಲಿ ವಿಷ ಮಾತ್ರ ತಲೆಕೆಳಗಾಗಿ ಚಲಿಸುತ್ತದೆ. ಆಹಾರದ ಶಕ್ತಿ ಮೆಟ್ಟಿಲು ಮೆಟ್ಟಿಲಿಗೂ ಸೋರಿಹೋದರೆ, ಡಿಡಿಟಿಯಂಥ, ನೀರಿನಲ್ಲಿ ಕರಗದ ವಿಷ ಕೊಬ್ಬಿನಲ್ಲಿ ಕುಳಿತು ಮೆಟ್ಟಿಲು ಮೆಟ್ಟಿಲಿಗೂ ಸಾಂದ್ರವಾಗುತ್ತದೆ. ನೀರಿನಲ್ಲಿ ಅಳತೆಗೆ ಸಿಗದಷ್ಟಿದ್ದದ್ದು ಮೀನಿನಲ್ಲಿ ಅಳತೆಗೆ ಸಿಗುತ್ತದೆ, ಮೀನು ತಿಂದ ಹದ್ದಿನಲ್ಲಿ ಮೊಟ್ಟೆಯ ಚಿಪ್ಪನ್ನೇ ತೆಳ್ಳಗಾಗಿಸುತ್ತದೆ. ವಿಷ ಹೀಗೆ ಮೆಟ್ಟಿಲೇರುವುದನ್ನು ರೇಚಲ್ ಕಾರ್ಸನ್ 1962ರಲ್ಲಿ ಅಮೆರಿಕನ್ನರಿಗೆ ವಿವರಿಸಿದರು. ಕನ್ನಡಿಗರು ಇದನ್ನು ಕಾಸರಗೋಡಿನಲ್ಲಿ ಕಣ್ಣಾರೆ ಕಂಡರು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದಾಗ, ಪಡ್ರೆಯಂಥ ಊರುಗಳಲ್ಲಿ ಜೇನು, ಕಪ್ಪೆ, ಮೀನುಗಳು ಮೊದಲು ಕಣ್ಮರೆಯಾದವು. ಮನೆಮನೆಯ ಮಕ್ಕಳ ಸಂಕಟ ಆಮೇಲೆ ಹೊರಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು.

ಕಾಲುವೆ ಬಂದ ಮೇಲೆ

ಬಳ್ಳಾರಿಯ ಈಶಾನ್ಯಕ್ಕೆ, ಹಗರಿ ಹೊಳೆಯ ದಡದಲ್ಲಿರುವ ಹೋಬಳಿ ಊರು ಮೋಕ. ಸುತ್ತ ಕಣ್ಣು ಹಾಯುವವರೆಗೂ ಎರೆ ನೆಲ. ಬೇಸಿಗೆಯಲ್ಲಿ ಬಿರುಕು ಬಿಡುವ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ ಮಣ್ಣು. ಇಲ್ಲಿನ ಹಳೆಯ ಬೇಸಾಯವೆಲ್ಲ ಮಳೆಯ ಮೇಲೆ ನಿಂತದ್ದು: ಹಿಂಗಾರಿ ಜೋಳ, ಹತ್ತಿ, ನವಣೆ, ಕಡಲೆ, ಕುಸುಬೆ. ಸಾಲಿನ ನಡುವೆ ಅಕ್ಕಡಿ ಬೆಳೆ. ಹೊಲದ ನಡುನಡುವೆ ಬೀಳು, ಬೀಳಿನಲ್ಲಿ ಹುಲ್ಲು, ಹುಲ್ಲಿನಲ್ಲಿ ಮಿಡತೆ. ಮಿಡತೆಗೆ ಓತಿಕ್ಯಾತ, ಕಾಜಾಣ, ನೀಲಕಂಠ, ಎರೆಭೂತ ಎಂಬ ದೊಡ್ಡ ಹಕ್ಕಿ. ಕಾಳಿಗೆ ಇಲಿ, ಇಲಿಗೆ ಕೇರೆ ಹಾವು, ಗೂಬೆ, ನರಿ. ಜಿಂಕೆಗೂ ಕುರಿಗೂ ತೋಳ. ಬಯಲುಸೀಮೆಯ ಆಹಾರ ಸರಪಳಿ ಎಲ್ಲೋ ಕಾಡಿನೊಳಗೆ ಅಡಗಿ ಕೂತಿಲ್ಲ. ಅದು ಇರುವುದೇ ಹೊಲದಲ್ಲಿ, ಬದುವಿನಲ್ಲಿ, ಹುಲ್ಲುಗಾವಲಿನಲ್ಲಿ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಈ ಚಿತ್ರ ಬದಲಾಯಿತು. ಬಲದಂಡೆಯ ಕೆಳಮಟ್ಟದ ಕಾಲುವೆ, ಇಲ್ಲಿಯವರ ಬಾಯಲ್ಲಿ ಎಲ್‌ಎಲ್‌ಸಿ, ಮೋಕ ಬಳಿಯ ಬೈರದೇವನಹಳ್ಳಿಯಲ್ಲಿ ಹಗರಿಯನ್ನು ಮೇಲ್ಗಾಲುವೆಯ ಮೂಲಕ ದಾಟುತ್ತದೆ. 2022ರಲ್ಲಿ ಹಗರಿ ಉಕ್ಕಿ ಬಂದು ಅದರ ಕಂಬವೊಂದು ಕುಸಿದು ನೀರು ನಿಂತಾಗ, ದುರಸ್ತಿ ಮುಗಿಯುವವರೆಗೆ ಮಂತ್ರಿಗಳು ಅಲ್ಲೇ ಬೀಡುಬಿಡಬೇಕಾಯಿತು ಎಂದರೆ ಈ ನೀರಿನ ಮೇಲೆ ಎಷ್ಟು ಬದುಕು ನಿಂತಿದೆ ಎಂದು ಊಹಿಸಬಹುದು. ಕಾಲುವೆ ಅನ್ನ ಕೊಟ್ಟಿತು, ಮನೆ ಕಟ್ಟಿಸಿತು, ಮಕ್ಕಳನ್ನು ಓದಿಸಿತು. ಅದನ್ನು ಹಳಿಯುವ ಮಾತೇ ಇಲ್ಲಿಲ್ಲ.

ಆದರೆ ಬೆಳೆ ಬದಲಾದಾಗ ಊಟಕ್ಕೆ ಕೂರುವವರೂ ಬದಲಾಗುತ್ತಾರೆ. ನೂರು ಬಗೆಯ ಹುಲ್ಲು, ಕಾಳು, ಕಂಟಿ ಇದ್ದ ಕಡೆ ಎಕರೆಗಟ್ಟಲೆ ಒಂದೇ ಭತ್ತ, ಒಂದೇ ಮೆಣಸಿನಕಾಯಿ, ಒಂದೇ ಹತ್ತಿ. ಆ ಒಂದನ್ನೇ ತಿನ್ನುವ ಹುಳಕ್ಕೆ ಇದಕ್ಕಿಂತ ಸುಗ್ಗಿ ಬೇರೆ ಬೇಕೆ? ಹತ್ತಿಯ ಕಥೆ ಎಲ್ಲರಿಗೂ ಗೊತ್ತು. ಹಸಿರು ಕಾಯಿಕೊರಕಕ್ಕೆ ಎಣ್ಣೆ ಹೊಡೆದು ಹೊಡೆದು ಸೋತಾಗ 2002ರಲ್ಲಿ ಬಿಟಿ ಹತ್ತಿ ಬಂತು. ಕೆಲವು ವರ್ಷ ನೆಮ್ಮದಿ. ಆಮೇಲೆ ರಸ ಹೀರುವ ಕೀಟಗಳು ಮುಂದಕ್ಕೆ ಬಂದವು, ಗುಲಾಬಿ ಕಾಯಿಕೊರಕ ಬಿಟಿಯನ್ನೇ ಅರಗಿಸಿಕೊಂಡಿತು. ಎಣ್ಣೆ ಹೊಡೆಯುವ ಪಂಪು ಮತ್ತೆ ಬೆನ್ನಿಗೇರಿತು.

ಭತ್ತದ ಬುಡದಲ್ಲಿ

ಬಳ್ಳಾರಿ ಜಿಲ್ಲೆಯದೇ ಆದ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಬಗ್ಗಿ ಒಂದು ಬುಡವನ್ನು ಅಗಲಿಸಿ ನೋಡಿದರೆ ವೊಲ್ಟೆರಾ ಅವರ ಲೆಕ್ಕ ಪೂರ್ತಿ ಕಾಣುತ್ತದೆ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬಿಸಿಲು ತಾಗದ ಜಾಗದಲ್ಲಿ, ಕಂದು ಜಿಗಿಹುಳು ಕಾಂಡಕ್ಕೆ ಅಂಟಿ ಕೂತಿರುತ್ತದೆ. ಒಂದು ಹೆಣ್ಣು ಇಡುವ ಇನ್ನೂರು ಮುನ್ನೂರು ಮೊಟ್ಟೆಗಳು ಎಲೆಯ ಪೊರೆಯನ್ನು ಸೀಳಿ ಅದರೊಳಗೆ ಭದ್ರ. ಅದೇ ಬುಡದ ಸುತ್ತ ಬಲೆ ನೇಯದೆ ಓಡಾಡಿ ಬೇಟೆಯಾಡುವ ತೋಳ ಜೇಡವಿದೆ. ದಿನಕ್ಕೆ ಐದರಿಂದ ಹದಿನೈದು ಹುಳ ಮುಗಿಸುತ್ತದೆ. ಹಸಿರು ಮಿರಿಡ್ ತಿಗಣೆಯಿದೆ. ತನ್ನ ಸೂಜಿಬಾಯಿಯನ್ನು ಪೊರೆಯೊಳಗೆ ತೂರಿಸಿ ದಿನಕ್ಕೆ ಏಳೆಂಟು ಮೊಟ್ಟೆಗಳ ರಸ ಹೀರುತ್ತದೆ. ನೀರಿನ ಮೇಲೆ ಜಾರುವ ಕೀಟ, ದಂಟಿನ ಮೇಲೆ ಕೂರುವ ಏರೋಪ್ಲೇನ್ ಚಿಟ್ಟೆ, ಬದುವಿನ ಕಪ್ಪೆ ಎಲ್ಲವೂ ಈ ಜಿಗಿಹುಳುವನ್ನು ತಿನ್ನುವುದರಲ್ಲಿ ಪಾಲುದಾರರೇ.

ಈಗ ಪಂಪು ಬೆನ್ನಿಗೇರಿತು ಎಂದುಕೊಳ್ಳಿ. ಜೇಡ ಬಯಲಿನಲ್ಲಿ ಓಡಾಡುವುದು, ಅದು ಸತ್ತಿತು. ತಿಗಣೆ ಸತ್ತಿತು. ದೊಡ್ಡ ಜಿಗಿಹುಳುಗಳೂ ಸತ್ತವು. ಪೊರೆಯೊಳಗಿನ ಮೊಟ್ಟೆಗೆ ಏನೂ ಆಗಲಿಲ್ಲ. ಅವು ಒಡೆದು ಮರಿಗಳು ಹೊರಬಂದಾಗ ಕಾಯುವವರು ಯಾರೂ ಇಲ್ಲ. ಕೆಲವೇ ವಾರಗಳಲ್ಲಿ ಗದ್ದೆಯ ನಡುವೆ ದುಂಡಗೆ ಸುಟ್ಟಂಥ ಕಲೆಗಳು ಮೂಡುತ್ತವೆ. ರೈತ ಅದನ್ನು ಕಂಡು ಇನ್ನೊಂದು ಸುತ್ತು ಹೊಡೆಯುತ್ತಾನೆ.

ಇಂಡೊನೇಷ್ಯಾ ಇದನ್ನು ದೇಶದ ಮಟ್ಟದಲ್ಲಿ ಅನುಭವಿಸಿ ಪಾಠ ಕಲಿಯಿತು. ಹಸಿರು ಕ್ರಾಂತಿಯ ಕಾಲದಲ್ಲಿ ಅಲ್ಲಿನ ಸರ್ಕಾರ ಕೀಟನಾಶಕಕ್ಕೆ ಭಾರೀ ಸಬ್ಸಿಡಿ ಕೊಟ್ಟಿತ್ತು. ಜಿಗಿಹುಳು ಗದ್ದೆಗಳನ್ನೇ ನುಂಗಿತು. ಎಣ್ಣೆ ಹೊಡೆದ ಗದ್ದೆಯಲ್ಲೇ ಜಿಗಿಹುಳು ಹೆಚ್ಚು ಎಂದು ವಿಜ್ಞಾನಿಗಳು ತೋರಿಸಿದ ಮೇಲೆ, 1986ರಲ್ಲಿ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದರು. ಮುಂದಿನ ವರ್ಷಗಳಲ್ಲಿ ಸಬ್ಸಿಡಿಯೂ ಹೋಯಿತು. ಇಳುವರಿ ಕುಸಿಯಲಿಲ್ಲ, ಏರಿತು. ಅಲ್ಲಿಯೇ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಚ್ಚರಿಯ ಸಂಗತಿ ತೋರಿಸಿತು. ನಾಟಿಯಾದ ಹೊಸತರಲ್ಲಿ, ಜಿಗಿಹುಳು ಇನ್ನೂ ಬಾರದಿರುವಾಗ, ಜೇಡಗಳು ಏನು ತಿಂದು ಬದುಕುತ್ತವೆ? ಗದ್ದೆಯ ನೀರಿನಲ್ಲಿ ಕೊಳೆತ ಹುಲ್ಲು, ಪಾಚಿ ತಿಂದು ಬೆಳೆಯುವ, ಕಚ್ಚದ, ಸೊಳ್ಳೆಯಂಥ ಸಣ್ಣ ಹುಳುಗಳನ್ನು. ಬೆಳೆಗೆ ಒಳ್ಳೆಯದನ್ನೂ ಮಾಡದ ಕೆಟ್ಟದ್ದನ್ನೂ ಮಾಡದ ಈ ಹುಳುಗಳೇ ಕಾವಲು ಪಡೆಗೆ ಮುಂಗಡ ಸಂಬಳ. ನಾಟಿಯಾದ ಎರಡನೇ ವಾರವೇ ಎಣ್ಣೆ ಹೊಡೆದರೆ ಆ ಸಂಬಳ ನಿಲ್ಲುತ್ತದೆ, ಕಾವಲಿನವರು ಊರು ಬಿಡುತ್ತಾರೆ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟು ಆ ಹುಳುಗಳ ಊಟವನ್ನೇ ಸುಟ್ಟರೂ ಅದೇ ಆಗುವುದು.

ಕಪ್ಪೆಯ ಮಾತು ಬಂತು. ಒಂದು ಕಾಲದಲ್ಲಿ ಭಾರತ ಕಪ್ಪೆಯ ಕಾಲುಗಳನ್ನು ವಿದೇಶಕ್ಕೆ ಟನ್‌ಗಟ್ಟಲೆ ಕಳಿಸಿ ಡಾಲರ್ ಗಳಿಸುತ್ತಿತ್ತು. ಗದ್ದೆಗಳಲ್ಲಿ ಕಪ್ಪೆ ಬರಿದಾಗಿ, ಅವು ತಿನ್ನುತ್ತಿದ್ದ ಹುಳಕ್ಕೆ ಕೀಟನಾಶಕ ಸುರಿಯಬೇಕಾಗಿ ಬಂದದ್ದು ಅರಿವಾಗಿ 1987ರಲ್ಲಿ ಆ ರಫ್ತಿಗೆ ತಡೆ ಬಿತ್ತು. ಕಪ್ಪೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಬೆಲೆ ಕಟ್ಟಿದ್ದು ಅದು ಹೋದ ಮೇಲೆ.

ಎರೆಭೂತದ ಕೊನೆಯ ನೆಲೆ

ಸಿರುಗುಪ್ಪ ತಾಲ್ಲೂಕಿನ ಎರೆ ಬಯಲಿನಲ್ಲಿ ಇನ್ನೂ ಕೆಲವು ಎರೆಭೂತಗಳಿವೆ. ದೊರವಾಯನ ಹಕ್ಕಿ, ಎರ್ಲಡ್ಡು ಎಂದೂ ಕರೆಯುತ್ತಾರೆ. ಒಂದು ಮೀಟರ್ ಎತ್ತರ ನಿಲ್ಲುವ, ಗಂಡು ಹದಿನೈದು ಕಿಲೊವರೆಗೆ ತೂಗುವ ಈ ಹಕ್ಕಿ ಹಾರುವ ಪಕ್ಷಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಇಡೀ ಜಗತ್ತಿನಲ್ಲಿ ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು ಸುಮಾರು 150, ಬಹುಪಾಲು ರಾಜಸ್ಥಾನದಲ್ಲಿ. 2011ರಿಂದ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಕರ್ನಾಟಕದ ಪಾಲಿಗೆ ಕೈಬೆರಳಲ್ಲಿ ಎಣಿಸುವಷ್ಟು. ಅವುಗಳ ನೆಲೆ ಸಿರುಗುಪ್ಪ.

ಅದರ ಊಟದ ಪಟ್ಟಿಯಲ್ಲಿ ಮಿಡತೆ, ಜೀರುಂಡೆ, ಹಲ್ಲಿ, ಓತಿಕ್ಯಾತ, ಜೋಳ, ಸಜ್ಜೆ, ಶೇಂಗಾ, ಬಾರೆ ಹಣ್ಣು ಎಲ್ಲ ಇವೆ. ಹಿಂದಿನ ಮಳೆಯಾಶ್ರಿತ ಎರೆಹೊಲ ಅದಕ್ಕೆ ಬೀಳಿನಷ್ಟೇ ಒಗ್ಗಿತ್ತು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನೀರಾವರಿ ಬಂದು ಹುಲ್ಲುಗಾವಲು ಗದ್ದೆಯಾದರೆ ಮೊಟ್ಟೆ ಇಡಲು ಜಾಗವಿಲ್ಲ. ಮಿಡತೆಗೆ ವಿಷ ಬಿದ್ದರೆ ಮರಿಗೆ ಉಣಿಸಲು ಏನೂ ಇಲ್ಲ. ಗಡಿಯಾಚೆ, ಹಿಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ ಈ ಹಕ್ಕಿಗೆಂದೇ 1988ರಲ್ಲಿ ಅಭಯಾರಣ್ಯ ಮಾಡಿದರು. ಸುತ್ತಲ ಹೊಲಗಳಿಗೆ ಕಾಲುವೆ ನೀರು ಬಂದು ಬೆಳೆ ಪದ್ಧತಿ ಬದಲಾದ ಮೇಲೆ ಹಕ್ಕಿ ಅಲ್ಲಿಂದ ಮರೆಯಾಗುತ್ತ ಹೋಯಿತು. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದಾಗ ಅಲ್ಲಿಯೂ ಎರೆಭೂತವಿತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟು ಅದನ್ನು ಅರಣ್ಯೀಕರಣ ಎಂದು ಕರೆದೆವು. ಮರ ಬಂತು, ಹಕ್ಕಿ ಹೋಯಿತು.

ಬಳ್ಳಾರಿ ಜಾಲಿಯದೂ ಅದೇ ಕೆಲಸ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ತಂದು ನೆಟ್ಟ ಈ ಮುಳ್ಳುಗಿಡ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ಆಕ್ರಮಿಸಿದೆ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ದೂರದಿಂದ ನೋಡಿದವರಿಗೆ ಹಸಿರು, ಮಿಡತೆಗೆ ಮಾತ್ರ ಮರುಭೂಮಿ. ಇದರ ಮೇಲೆ ವಿದ್ಯುತ್ ತಂತಿಗಳು. ಎರೆಭೂತಕ್ಕೆ ಎದುರಿಗಿರುವುದು ಚೆನ್ನಾಗಿ ಕಾಣುವುದಿಲ್ಲ, ಭಾರದ ಮೈ ಹೊತ್ತು ಥಟ್ಟನೆ ತಿರುಗಲೂ ಆಗುವುದಿಲ್ಲ. ತಂತಿಗೆ ಬಡಿದು ಸಾಯುವುದನ್ನು ತಡೆಯಲು ರಾಜಸ್ಥಾನ, ಗುಜರಾತಿನ ನೆಲೆಗಳಲ್ಲಿ ತಂತಿಯನ್ನು ನೆಲದಡಿ ಹಾಕುವ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದಕ್ಕೇ.

ಎರೆಭೂತ ಅಪರೂಪದ ಹಕ್ಕಿ, ನಮಗೇನು ಎನ್ನುವವರು ನೀಲಕಂಠವನ್ನು ನೋಡಲಿ. ಕರ್ನಾಟಕದ ರಾಜ್ಯಪಕ್ಷಿ ಅದು. ಹೊಲದ ತಂತಿಯ ಮೇಲೆ ಕೂತು ನೆಲದ ಹುಳಕ್ಕೆ ಎರಗುವ, ರೆಕ್ಕೆ ಬಿಚ್ಚಿದರೆ ನೀಲಿ ಹರಡುವ ಹಕ್ಕಿ. ದಸರೆಯ ದಿನ ಕಂಡರೆ ಶುಭ ಎಂದು ಗಡಿಯಾಚೆಯ ತೆಲುಗರು ಇದನ್ನು ಹುಡುಕಿಕೊಂಡು ಹೋಗುತ್ತಾರೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಹೇಳುವಂತೆ, ಸುಮಾರು ಹನ್ನೆರಡು ವರ್ಷಗಳಲ್ಲಿ ನೀಲಕಂಠ ಶೇ 30ಕ್ಕಿಂತ ಹೆಚ್ಚು ಕುಸಿದಿದೆ. ಹುಳ ತಿನ್ನುವ ಹಕ್ಕಿ ಹೊಲದಲ್ಲಿ ಕಡಿಮೆಯಾಗಿದೆ ಎಂದರೆ ಅದರ ಪಾಲಿನ ಕೆಲಸ ಈಗ ಪಂಪಿನ ಪಾಲಿಗೆ ಬಂದಿದೆ ಎಂದೇ ಅರ್ಥ.

ಹಸಿರಾದ ಹೊಳೆ, ಬತ್ತಿದ ಹೊಳೆ

ಹೊಲದಲ್ಲಿ ಹಾಕಿದ್ದೆಲ್ಲ ಹೊಲದಲ್ಲೇ ಉಳಿಯುವುದಿಲ್ಲ. ಮೇಲಿನ ಜಿಲ್ಲೆಗಳ ಗೊಬ್ಬರ, ಊರುಗಳ ಚರಂಡಿ, ಕಾರ್ಖಾನೆಗಳ ಕೊಳೆ ಎಲ್ಲ ಸೇರುವುದು ತುಂಗಭದ್ರಾ ಜಲಾಶಯಕ್ಕೆ. ಮಳೆಗಾಲ ಮುಗಿದ ಮೇಲೆ ಹಲವು ವರ್ಷ ಜಲಾಶಯದ ನೀರು ಹಚ್ಚಹಸಿರಾಗಿ ಜನ ಗಾಬರಿಯಾಗಿದ್ದಾರೆ. ಸಾರಜನಕ, ರಂಜಕ ಉಂಡ ನೀಲಿ-ಹಸಿರು ಪಾಚಿ ಒಮ್ಮೆಲೇ ಹಬ್ಬುವುದರ ಬಣ್ಣ ಅದು. ನೀರಿನ ಸೂಕ್ಷ್ಮಜೀವಿಗಳು ಒಳ್ಳೆಯ ಪಾಚಿಯನ್ನು ತಿನ್ನುವಷ್ಟು ಸಲೀಸಾಗಿ ಇದನ್ನು ತಿನ್ನುವುದಿಲ್ಲ. ತಿನ್ನುವವರಿಲ್ಲದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಮೀನು ಏದುಸಿರು ಬಿಡುತ್ತದೆ. ಹೂಳಿನ ಸಮಸ್ಯೆ ಬೇರೆ. 133 ಟಿಎಂಸಿ ಅಡಿ ಹಿಡಿಯಬೇಕಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ ಅಡಿ. ನೀರು ಕಡಿಮೆಯಾದಷ್ಟೂ ಅದರಲ್ಲಿ ಕೊಳೆಯ ಪಾಲು ಹೆಚ್ಚು.

ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೊಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. ನೀರುನಾಯಿ ಹೊಳೆಯ ಸರಪಳಿಯ ತುದಿಯಲ್ಲಿರುವ ಪ್ರಾಣಿ. ಪಾಚಿ, ಸೀಗಡಿ, ಮೀನು, ಏಡಿ ಸರಿಯಿದ್ದರೆ ಮಾತ್ರ ಅದು ಇರುತ್ತದೆ. ಸಿಡಿಮದ್ದು ಎಸೆದು ಮೀನು ಹಿಡಿಯುವುದು, ದಂಡೆಯ ಬಂಡೆ-ಮರಳು ತೆಗೆಯುವುದು ನಿಲ್ಲದಿದ್ದರೆ ಘೋಷಣೆ ಕಾಗದದಲ್ಲಿ ಉಳಿಯುತ್ತದೆ.

ಹಗರಿಯ ಪಾಡು ಇದಕ್ಕೆ ಉಲ್ಟಾ. ಇದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ ಬರುವ ವೇದಾವತಿಯೇ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು, ಆಮೇಲೆ ಆಂಧ್ರದ ಭೈರವಾನಿ ತಿಪ್ಪ ದಾಟಿ ಮೋಕ ಮುಟ್ಟುವ ಹೊತ್ತಿಗೆ ವರ್ಷದ ಬಹುಕಾಲ ಅದು ಅಗಲವಾದ ಮರಳಿನ ಹಾಸು. 1933ರ ನಂತರ ಮಾರಿಕಣಿವೆ ಕೋಡಿ ಬಿದ್ದದ್ದು 2022ರಲ್ಲಿ. ಹರಿಯದ ಹೊಳೆಯಲ್ಲೂ ಜೀವ ಉಳಿಯುವುದು ಮಡುಗಳಿಂದ. ಬೇಸಿಗೆಯಲ್ಲಿ ಮೀನು, ಕಪ್ಪೆ, ಆಮೆ ಅಲ್ಲಿ ಸೇರಿಕೊಂಡು ಮುಂದಿನ ನೀರಿಗೆ ಕಾಯುತ್ತವೆ. ಮರಳು ನೀರನ್ನು ಹಿಡಿದಿಟ್ಟುಕೊಂಡರೆ ಮಡು, ಮರಳು ಹೋದರೆ ಮಡುವೂ ಹೋಯಿತು. ಟ್ರ್ಯಾಕ್ಟರ್ ತುಂಬಿ ಹೊರಟ ಮರಳಿನ ಜೊತೆ ಮುಂದಿನ ಮಳೆಗಾಲದ ಕಪ್ಪೆಯೂ ಹೋಗುತ್ತದೆ ಎಂದು ಯಾವ ಪರವಾನಗಿಯಲ್ಲೂ ಬರೆದಿರುವುದಿಲ್ಲ.

ಇನ್ನು ಬಳ್ಳಾರಿ ನಗರದ ಕಡೆಯ ಹಳ್ಳಿಗಳಿಗೆ ದೂಳಿನ ಕಾಟ. ಗಣಿಗಾರಿಕೆ ಎಗ್ಗಿಲ್ಲದೆ ನಡೆದ ಕಾಲದಲ್ಲಿ ಅದಿರು ಲಾರಿಗಳ ಹಾದಿಯಲ್ಲಿ ಹತ್ತಿ, ಮೆಣಸಿನ ಗಿಡವೆಲ್ಲ ಕೆಂಪಾಗಿ ನಿಂತಿರುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ ಮೇಲೆ ಆ ಹಾವಳಿ ತಗ್ಗಿತು. ಮೆದುಕಬ್ಬಿಣದ ಕಾರ್ಖಾನೆಗಳ ಸುತ್ತ ಕಪ್ಪು ಮಸಿಯ ದೂರು ಇನ್ನೂ ಇದೆ. ಎಲೆಯ ಮೇಲೆ ದೂಳು ಕೂತರೆ ಬಿಸಿಲು ಒಳಗೆ ಹೋಗದು, ಎಲೆಯ ಉಸಿರುಗಂಡಿ ಕಟ್ಟಿಕೊಳ್ಳುತ್ತದೆ. ಸರಪಳಿಯ ಮೊದಲ ಕೊಂಡಿಯೇ ಎಲೆ. ಅದೇ ಸೊರಗಿದರೆ ಮುಂದಿನವರಿಗೆಲ್ಲ ಅರೆಹೊಟ್ಟೆ.

ಹದ್ದು ಹೋದರೆ ನಾಯಿ ಬರುತ್ತದೆ

ಸರಪಳಿಯ ಒಂದು ಕೊಂಡಿ ಕಳಚಿದರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಇದಕ್ಕೆ ರಣಹದ್ದಿಗಿಂತ ದೊಡ್ಡ ಸಾಕ್ಷಿ ಬೇಡ. ಊರ ಹೊರಗೆ ಎಸೆದ ಸತ್ತ ದನ, ಕುರಿಯನ್ನು ರಣಹದ್ದುಗಳು ಗಂಟೆಗಳಲ್ಲಿ ಎಲುಬಿನ ಹಂದರ ಮಾಡಿಬಿಡುತ್ತಿದ್ದವು. 1990ರ ದಶಕದಿಂದ ಅವು ದೇಶದಾದ್ಯಂತ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷಗಳಲ್ಲಿ ಶೇ 99ಕ್ಕೂ ಹೆಚ್ಚು ಕುಸಿಯಿತು. ಕಾರಣ ಪತ್ತೆಯಾದದ್ದು 2004ರಲ್ಲಿ: ದನಗಳ ನೋವು-ಬಾವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಔಷಧಿ ಉಂಡು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು.

ಹದ್ದುಗಳಿಲ್ಲದೆ ಉಳಿದ ಹೆಣ ಬೀದಿನಾಯಿಗಳ ಪಾಲಾಯಿತು, ನಾಯಿ ಹೆಚ್ಚಿದವು, ಹುಚ್ಚುನಾಯಿ ಕಡಿತ ಹೆಚ್ಚಿತು, ಕೊಳೆತ ಹೆಣದಿಂದ ನೀರು ಕೆಟ್ಟಿತು. 2000ದಿಂದ 2005ರವರೆಗಿನ ಅವಧಿಯಲ್ಲಿ ರಣಹದ್ದುಗಳ ಅಳಿವಿನಿಂದ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು ಸಂಭವಿಸಿದವು ಎಂದು 2024ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕುರಿಸಾಕಣೆಯ ಬಳ್ಳಾರಿಗೆ ಇದು ದೂರದ ಸುದ್ದಿಯಲ್ಲ. ಅದೇ ಬೀದಿನಾಯಿಗಳು ಬಯಲಿಗೆ ನುಗ್ಗಿ ಜಿಂಕೆ ಮರಿ ಹಿಡಿಯುತ್ತವೆ, ನೆಲದ ಮೇಲೆ ಇಟ್ಟ ಎರೆಭೂತದ ಒಂದೇ ಒಂದು ಮೊಟ್ಟೆಗೂ ಬಾಯಿ ಹಾಕುತ್ತವೆ. ದನದ ಇಂಜೆಕ್ಷನ್‌ಗೂ ಎರೆಭೂತದ ಮೊಟ್ಟೆಗೂ ನಂಟು ಬೆಸೆಯುವುದು ಹೀಗೆ. ಇದಕ್ಕೇ ವಿಜ್ಞಾನಿಗಳು ಸರಪಳಿ ಎನ್ನುವುದನ್ನು ಬಿಟ್ಟು ಆಹಾರ ಜಾಲ ಎನ್ನುವುದು.

ಮಾಡಬಹುದಾದದ್ದು

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಹುಳ ಕೃಷಿ ಇಲಾಖೆಗೆ, ಹಕ್ಕಿ ಅರಣ್ಯ ಇಲಾಖೆಗೆ, ಹೊಳೆ ನೀರಾವರಿಗೆ, ಮರಳು ಗಣಿ ಇಲಾಖೆಗೆ, ದನ ಪಶುಪಾಲನೆಗೆ ಸೇರಿದ್ದು. ಹುಳಕ್ಕೆ ಈ ವಿಂಗಡಣೆ ಗೊತ್ತಿಲ್ಲ. ಎರೆಭೂತಕ್ಕೆ ಬೇಲಿ ಹಾಕಿ, ಬೇಲಿಯಾಚೆಯ ಹೊಲಕ್ಕೆ ಎಣ್ಣೆಯ ಶಿಫಾರಸು ಕೊಟ್ಟರೆ ಹಕ್ಕಿ ಉಳಿಯುವುದಿಲ್ಲ. ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ಕೂಡಿಟ್ಟ ಹಣ ಈ ಜಿಲ್ಲೆಯಲ್ಲಿದೆ. ಅದರಲ್ಲಿ ರಸ್ತೆ, ಕಟ್ಟಡಗಳ ಜೊತೆಗೆ ಹುಲ್ಲುಗಾವಲು, ಹಗರಿಯ ಮಡು, ಎರೆ ಬೀಳುಗಳೂ ಲೆಕ್ಕಕ್ಕೆ ಬರಬೇಕು. ಸಿರುಗುಪ್ಪದ ಹಕ್ಕಿಯ ನೆಲೆಯ ಸುತ್ತ ಜೋಳ, ಸಜ್ಜೆ, ಕಡಲೆಯನ್ನು ಎಣ್ಣೆ ಹೊಡೆಯದೆ ಬೆಳೆಯುವ ರೈತನಿಗೆ ನಷ್ಟ ತುಂಬಿಕೊಡುವ ವ್ಯವಸ್ಥೆ ಬೇಕು. ಹಕ್ಕಿ ಉಳಿಸುವ ಹೊರೆಯನ್ನು ಬಡ ರೈತನೊಬ್ಬನ ಹೆಗಲಿಗೆ ಹಾಕಿ ಭಾಷಣ ಮಾಡುವುದು ನ್ಯಾಯವಲ್ಲ.

ಹೊಲದ ಮಟ್ಟದಲ್ಲಿ ಆಗಬೇಕಾದದ್ದಕ್ಕೆ ಹೊಸ ಸಂಶೋಧನೆಯೂ ಬೇಕಿಲ್ಲ. ಭತ್ತಕ್ಕೆ ನಾಟಿಯಾದ ಮೊದಲ ಮೂವತ್ತು ನಲವತ್ತು ದಿನ ಕೀಟನಾಶಕ ಬೇಡ ಎಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ದಶಕಗಳಿಂದ ಹೇಳುತ್ತಿದೆ. ಆ ಹಂತದಲ್ಲಿ ಎಲೆಸುರುಳಿ ಹುಳ ತಿಂದ ಗರಿಯನ್ನು ಪೈರು ತಾನೇ ಮತ್ತೆ ತುಂಬಿಕೊಳ್ಳುತ್ತದೆ. ಮೆಣಸಿನಕಾಯಿಗೆ ಯೂರಿಯಾ ಕಡಿಮೆ ಮಾಡಿ, ಹೊಲದ ಸುತ್ತ ಜೋಳ ಅಥವಾ ಮೆಕ್ಕೆಜೋಳದ ಸಾಲು ಹಾಕಿ, ನೀಲಿ ಅಂಟು ಹಾಳೆ ನೆಟ್ಟರೆ ಕಪ್ಪು ನುಸಿಯ ಹಾವಳಿ ತಗ್ಗಿಸಬಹುದು. ಹಕ್ಕಿ ಕೂರಲು ಕವಲು ಕೋಲು, ಬದುವಿನಲ್ಲಿ ಹೂಬಿಡುವ ಗಿಡ, ಅಜ್ಜಂದಿರ ಕಾಲದ ಅಕ್ಕಡಿ ಸಾಲು, ಸುಗ್ಗಿ ಮುಗಿದ ಮೇಲೆ ಹುಲ್ಲಿಗೆ ಬೆಂಕಿ ಇಡದಿರುವುದು, ಇವುಗಳಲ್ಲಿ ಯಾವುದೂ ಸಾಲ ಮಾಡಿ ತರುವಂಥದ್ದಲ್ಲ. ಹಗರಿ, ಸಿರುಗುಪ್ಪಗಳಲ್ಲಿ ಕೃಷಿ ಸಂಶೋಧನಾ ಕೇಂದ್ರಗಳಿವೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಕೀಟಬಾಧೆಯ ಸಲಹೆ ಕೊಡುವಾಗ ಹೊಲದಲ್ಲಿ ಎಷ್ಟು ಹುಳವಿದೆ ಎನ್ನುವುದರ ಜೊತೆ, ಅದನ್ನು ತಿನ್ನುವ ಹುಳ ಎಷ್ಟಿದೆ ಎಂದೂ ಅವು ಹೇಳಬೇಕು. ಈಗ ಆ ಸಲಹೆ ಹೆಚ್ಚಾಗಿ ಸಿಗುತ್ತಿರುವುದು ಗೊಬ್ಬರದ ಅಂಗಡಿಯಲ್ಲಿ. ಅಂಗಡಿಯವರು ಜೇಡ ಮಾರುವುದಿಲ್ಲ.

ರೈತ ಬಾಂಧವರಲ್ಲಿ ಒಂದೇ ವಿನಂತಿ. ಮುಂದಿನ ಸಲ ಗದ್ದೆಗೆ ಎಣ್ಣೆ ತರುವ ಮುನ್ನ, ಬೇರೆ ಬೇರೆ ಕಡೆಯ ಹತ್ತು ಬುಡ ಅಗಲಿಸಿ ನೋಡಿ. ಜಿಗಿಹುಳು ಎಣಿಸಿದ ಹಾಗೆಯೇ ಜೇಡವನ್ನೂ ತಿಗಣೆಯನ್ನೂ ಎಣಿಸಿ. ಅವು ಚೆನ್ನಾಗಿದ್ದರೆ ಒಂದು ವಾರ ಪಂಪು ಕೆಳಗಿಡಿ, ಆಮೇಲೆ ಮತ್ತೊಮ್ಮೆ ಎಣಿಸಿ ತೀರ್ಮಾನಿಸಿ. ಈ ಎಣಿಕೆಗೆ ಅರ್ಧ ಗಂಟೆ ಸಾಕು, ಒಂದು ಸುತ್ತಿನ ಎಣ್ಣೆಯ ದುಡ್ಡು ಉಳಿಯುತ್ತದೆ.